ಯಾರೂ ಕೊಲ್ಲದ ಡಾಲ್ಫಿನ್‌ಗಳು

2021ರ ಸೆಪ್ಟೆಂಬರ್ 12ರಂದು ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1,428 ಡಾಲ್ಫಿನ್‌ಗಳನ್ನು ಬೋಟುಗಳಿಂದ ಅಟ್ಟಿ ತಂದು ದಡದ ಕಿರುನೀರಿನಲ್ಲಿ ಕೊಂದರು. ಎಲ್ಲವೂ ಒಂದೇ ದಿನದಲ್ಲಿ. ಕೆಂಪಾದ ನೀರು, ಸಾಲಾಗಿ ಎಳೆದು ಮಲಗಿಸಿದ ದೇಹಗಳು. ವೀಡಿಯೋ ನನ್ನ ವಾಟ್ಸಾಪಿಗೂ ಬಂತು, ಕೆಳಗೆ ‘ಇವರೂ ಮನುಷ್ಯರಾ?’ ಎಂಬ ಒಕ್ಕಣೆಯೊಂದಿಗೆ. ತಲೆತಲಾಂತರದಿಂದ ಇಂಥ ಬೇಟೆಯನ್ನು ಊರ ಹಬ್ಬದಂತೆ ನಡೆಸಿಕೊಂಡು ಬಂದ ಅಲ್ಲಿನ ಜನರಲ್ಲೇ ಹಲವರಿಗೆ ಇದು ಅತಿಯಾಯಿತು ಅನಿಸಿತು. ಮರುವರ್ಷ ಅಲ್ಲಿನ ಸರ್ಕಾರ ಈ ಜಾತಿಯ ಡಾಲ್ಫಿನ್‌ಗಳಿಗೆ ವರ್ಷಕ್ಕೆ 500 ಎಂಬ ಮಿತಿ ಹಾಕಿತು. ಜಗತ್ತು ಒಟ್ಟಾಗಿ ಬೈದರೆ ಏನೋ ಒಂದಿಷ್ಟು ಆಗುತ್ತದೆ.

ಈಗ ಇನ್ನೊಂದು ಲೆಕ್ಕ. ಹಿಂದೂ ಮಹಾಸಾಗರದಲ್ಲಿ ಟ್ಯೂನಾ ಹಿಡಿಯಲು ಬಿಡುವ ಗಿಲ್‌ನೆಟ್ ಬಲೆಗಳಿಗೆ ಸಿಕ್ಕಿ ಸಾಯುವ ಡಾಲ್ಫಿನ್‌ಗಳೆಷ್ಟು ಎಂದು ಅಂದಾಜು ಮಾಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. 1950ರಿಂದ 2018ರವರೆಗೆ ತಿಮಿಂಗಿಲ ವರ್ಗದ ಸುಮಾರು 41 ಲಕ್ಷ ಪ್ರಾಣಿಗಳು. ಹೆಚ್ಚೂಕಮ್ಮಿ ಎಲ್ಲವೂ ಡಾಲ್ಫಿನ್‌ಗಳೇ. 2004–06ರ ಸುಮಾರಿಗೆ ವರ್ಷಕ್ಕೆ ಒಂದು ಲಕ್ಷದ ಹತ್ತಿರ ಹೋಗಿದ್ದ ಸಂಖ್ಯೆ ಆಮೇಲೆ 80 ಸಾವಿರಕ್ಕೆ ಇಳಿದಿದೆ. ಇಳಿದದ್ದು ಬಲೆ ಕಡಿಮೆಯಾದ್ದರಿಂದ ಅಲ್ಲ. ಬಲೆಗಳು ಆಮೇಲೂ ಹೆಚ್ಚುತ್ತಲೇ ಇದ್ದವು. ಬೀಳಲು ಡಾಲ್ಫಿನ್‌ಗಳೇ ಕಡಿಮೆಯಾದವು. ಈ ಮೀನುಗಾರಿಕೆ ಶುರುವಾಗುವ ಮೊದಲು ಇದ್ದದ್ದರಲ್ಲಿ ನೂರಕ್ಕೆ 13ರಷ್ಟು ಮಾತ್ರ ಉಳಿದಿರಬಹುದು ಎಂದು ಆ ಸಂಶೋಧಕರ ಲೆಕ್ಕ. ಇರಾನ್, ಇಂಡೋನೇಷ್ಯಾ, ಭಾರತ, ಶ್ರೀಲಂಕಾ, ಪಾಕಿಸ್ತಾನ, ಓಮಾನ್ ಹೀಗೆ ಪಾಲುದಾರರ ಪಟ್ಟಿ ಉದ್ದವಿದೆ.

ಅಂದಾಜು ಅಂದಾಜೇ, ಹೆಚ್ಚುಕಮ್ಮಿ ಇರಬಹುದು. ಆದರೂ ವರ್ಷಕ್ಕೆ 80 ಸಾವಿರ ಎಂದರೆ ದಿನಕ್ಕೆ 220ರ ಹತ್ತಿರ. ಫೆರೋದ ಆ ಒಂದು ದಿನದ ಲೆಕ್ಕ ನಮ್ಮ ಸಾಗರದಲ್ಲಿ ಏಳು ದಿನ ತುಂಬುವ ಮೊದಲೇ ಮುಗಿಯುತ್ತದೆ. ಮುಂದಿನ ವಾರ ಮತ್ತೆ, ಅದರ ಮುಂದಿನ ವಾರ ಮತ್ತೆ. ವೀಡಿಯೋ ಇಲ್ಲ. ನೀರು ಕೆಂಪಾಗುವುದೂ ಇಲ್ಲ, ಉಸಿರುಕಟ್ಟಿ ಸತ್ತ ಪ್ರಾಣಿಗೆ ರಕ್ತ ಎಲ್ಲಿಂದ ಬರಬೇಕು?

ಡಾಲ್ಫಿನ್ ಉಳಿಸುವ ಮಾತು ಬಂದಾಗಲೆಲ್ಲ ನಾವು ಒಬ್ಬ ಖಳನನ್ನು ಹುಡುಕುತ್ತೇವೆ. ಜಪಾನಿನವನೋ, ಫೆರೋದವನೋ ಸಿಕ್ಕರೆ ಸಮಾಧಾನ. ನಮ್ಮ ಕಡಲಲ್ಲಿ ಅಂಥವನು ಇಲ್ಲ. ಇಲ್ಲಿ ಡಾಲ್ಫಿನ್ ಕೊಲ್ಲಬೇಕೆಂದು ಯಾರೂ ಬೆಳಗ್ಗೆ ಎದ್ದು ಹೊರಡುವುದಿಲ್ಲ. ಇದನ್ನು ತಡೆಯುವುದು ಕಷ್ಟವಾಗಿರುವುದು ಇದೇ ಕಾರಣಕ್ಕೆ.

ಗಿಲ್‌ನೆಟ್ ಎಂದರೆ ನೀರಿನಲ್ಲಿ ನಿಲ್ಲಿಸಿದ ಪರದೆ. ಮೇಲಂಚಿಗೆ ತೇಲು, ಕೆಳಗಂಚಿಗೆ ಭಾರ. ಮೀನು ತಲೆ ತೂರಿಸುತ್ತದೆ, ಹಿಂದೆ ಸರಿಯಲು ಹೋದಾಗ ಕಿವಿರು ಸಿಕ್ಕಿಕೊಳ್ಳುತ್ತದೆ. ಹತ್ತಿದಾರದ ಕಾಲ ಹೋಗಿ ನೈಲಾನ್ ಬಂದಮೇಲೆ ಬಲೆ ತೆಳುವಾಯಿತು, ಗಟ್ಟಿಯಾಯಿತು, ನೀರಿನಲ್ಲಿ ಕಾಣದಂತಾಯಿತು. ಡಾಲ್ಫಿನ್ ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ದಾರಿ ನೋಡುವ ಪ್ರಾಣಿ. ಟಿಕ್ ಟಿಕ್ ಎಂದು ಸದ್ದು ಬಿಟ್ಟು, ಅದು ತಾಗಿ ಮರಳಿ ಬಂದದ್ದನ್ನು ಕೇಳಿ ಎದುರಿಗೇನಿದೆ ಎಂದು ತಿಳಿಯುತ್ತದೆ. ಸಪೂರ ನೈಲಾನ್ ಎಳೆಯಿಂದ ಮರಳುವ ಸದ್ದು ತೀರಾ ಕ್ಷೀಣ. ಅದರಲ್ಲೂ ಮೀನಿನ ಬೆನ್ನು ಹತ್ತಿ ಹೊರಟಾಗ ಗಮನವೆಲ್ಲ ಮೀನಿನ ಮೇಲೆ. ಸಿಕ್ಕಿಕೊಂಡಿತೋ, ಮೇಲೆ ಬಂದು ಉಸಿರೆಳೆದುಕೊಳ್ಳಲು ಉಳಿಯುವುದು ಕೆಲವೇ ನಿಮಿಷ. ನೀರಿನಲ್ಲಿ ಹುಟ್ಟಿ ಬೆಳೆದ ಪ್ರಾಣಿ ನೀರಿನಲ್ಲೇ ಗಾಳಿಯಿಲ್ಲದೆ ಸಾಯುತ್ತದೆ.

ನನ್ನ ಸೋದರಮಾವ ಕಾರವಾರ–ಅಂಕೋಲಾ ನಡುವಿನ ಒಂದು ಊರಿನವರು. ಔಟ್‌ಬೋರ್ಡ್ ಎಂಜಿನ್ ಕೂಡಿಸಿದ ನಾಡದೋಣಿಯಲ್ಲಿ ದಡ ಕಾಣುವಷ್ಟು ದೂರದಲ್ಲೇ ಬಲೆ ಬಿಡುತ್ತ ಬಂದವರು. ಡಾಲ್ಫಿನ್ ಅಂದರೆ ಅವರಿಗೆ ಸಿಟ್ಟೂ ಇದೆ, ಸಲಿಗೆಯೂ ಇದೆ. ಬಲೆಯಲ್ಲಿ ಸಿಕ್ಕ ಬಂಗುಡೆಯನ್ನು ಅದು ಕಿತ್ತು ತಿನ್ನುತ್ತದೆ. ಜತೆಗೆ ಬಲೆಯೂ ಕಿತ್ತು ಬರುತ್ತದೆ. ಗಡಿಯಾಚೆ ಸಿಂಧುದುರ್ಗದಲ್ಲಿ ಕೆಲಸ ಮಾಡಿದ ಸಂಶೋಧಕರ ಮುಂದೆ ಅಲ್ಲಿನ ಮೀನುಗಾರರು ಹೇಳಿಕೊಂಡದ್ದೂ ಇದೇ ದೂರು. ‘ಅದು ಮೀನ್ ತಿಂದ್ರೆ ತಿನ್ಲಿ, ಅದಕ್ಕೂ ಹೊಟ್ಟೆ ಉಂಟಲಾ. ಬಲೆ ಹರಿದ್ರೆ ನಂಗೆ ಕೊಡೂರ್ಯಾರು ತಮ್ಮಾ?’ ಎಂದು ಮಾವ ಕೇಳಿದ್ದರು. ಬಲೆಗೆ ಡಾಲ್ಫಿನ್ ಬಿದ್ದರೆ ಏನು ಮಾಡುತ್ತೀರಿ ಎಂದದ್ದಕ್ಕೆ ಅವರು ನನ್ನ ಮುಖವನ್ನೊಮ್ಮೆ ನೋಡಿ, ‘ಎಂತ ಮಾಡೂದು, ಬಿಡೂದು’ ಎಂದು ಮಾತು ಮುಗಿಸಿದರು. ಜೀವಂತವಾಗಿ ಬಿಡುವುದೋ ಸತ್ತದ್ದನ್ನು ಬಿಡುವುದೋ ಎಂದು ಮತ್ತೆ ಕೆದಕುವ ಧೈರ್ಯ ನನಗಾಗಲಿಲ್ಲ.

ಆ ಚುಟುಕು ಉತ್ತರದ ಹಿಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಂತಿದೆ. ಡಾಲ್ಫಿನ್ ಅದರ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿ, ಆನೆಗಿರುವ ರಕ್ಷಣೆಯೇ ಅದಕ್ಕೂ. ಕೊಂದದ್ದು ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು. ಕಾಯ್ದೆ ಬೇಕು, ಅನುಮಾನವಿಲ್ಲ. ಆದರೆ ಬೇಡವೆಂದರೂ ಬಲೆಗೆ ಬಿದ್ದ ಪ್ರಾಣಿಯ ವಿಷಯದಲ್ಲಿ ಅದು ಮಾಡಿದ್ದಿಷ್ಟೇ: ಮೀನುಗಾರನ ಬಾಯಿ ಮುಚ್ಚಿಸಿತು. ಸತ್ತ ಡಾಲ್ಫಿನ್ ಸಿಕ್ಕರೆ ಬಲೆ ಕೊಯ್ದು ನೀರಿಗೆ ಬಿಟ್ಟು ಸುಮ್ಮನಾಗುವುದು ಜಾಣತನ. ಬಂದರಿಗೆ ತಂದು ‘ಇದು ಬಿದ್ದಿತ್ತು’ ಅನ್ನುವವನು ತಾನಾಗಿ ತೊಂದರೆ ಮೈಮೇಲೆ ಎಳೆದುಕೊಂಡಂತೆ. ಹೀಗಾಗಿ ಸಾವು ನಡೆಯುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಅಗಲದ ಕಣ್ಣಿನ ಬಲೆಗೆ ಹೆಚ್ಚು ಬೀಳುತ್ತವೆ ಎಂದು ಗೊತ್ತಾಗದೆ ಪರಿಹಾರವೂ ಹುಟ್ಟುವುದಿಲ್ಲ.

ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡೆ ದಡದಿಂದಲೇ ಕಾಣುವುದು ಹೆಚ್ಚಾಗಿ ಹಂಪ್‌ಬ್ಯಾಕ್ ಡಾಲ್ಫಿನ್. ಬೆನ್ನ ಮೇಲೊಂದು ಉದ್ದನೆಯ ದಿಬ್ಬ, ದಿಬ್ಬದ ಮೇಲೆ ಪುಟ್ಟ ರೆಕ್ಕೆ. ಟೀವಿಯಲ್ಲಿ ಕಾಣುವ ಡಾಲ್ಫಿನ್‌ಗಳಂತೆ ನೆಗೆದು ಕುಣಿದು ತೋರಿಸುವ ಸ್ವಭಾವದ್ದಲ್ಲ. ನಿಧಾನ ಬೆನ್ನು ಬಾಗಿಸಿ ಮೇಲೆದ್ದು ಮುಳುಗುತ್ತದೆ. 2014ರಲ್ಲಷ್ಟೇ ಇದನ್ನು ಸೋಸಾ ಪ್ಲಂಬಿಯಾ ಎಂಬ ಬೇರೆ ಪ್ರಭೇದವೆಂದು ಖಚಿತಪಡಿಸಿದರು. ದಕ್ಷಿಣ ಆಫ್ರಿಕಾದಿಂದ ಅರಬ್ಬಿ ಸಮುದ್ರದ ಅಂಚು ಹಿಡಿದು ಭಾರತದವರೆಗೆ ಇದರ ನೆಲೆ. ನೆಲೆ ಎಂದರೂ ಅದೊಂದು ಸಪೂರ ಪಟ್ಟಿ: 25 ಮೀಟರಿಗಿಂತ ಆಳದ ನೀರಿಗೆ ಇದು ಹೋಗುವುದೇ ಅಪರೂಪ. ನದಿ ಬಂದು ಸೇರುವ ಅಳಿವೆಗಳೆಂದರೆ ಇಷ್ಟ. ಕಾಳಿ ನದಿ ಕಡಲು ಸೇರುವ ದೇವಬಾಗ, ಕೂರ್ಮಗಡದ ಆಸುಪಾಸಿನಲ್ಲಿ ಇವು ಕಾಣುವುದು ಅದಕ್ಕೇ. ಹೆಣ್ಣು ಮರಿ ಹಾಕುವಷ್ಟು ಬೆಳೆಯಲು ಹತ್ತು ವರ್ಷದ ಹತ್ತಿರ ಬೇಕು, ಆಮೇಲೂ ಮೂರು ವರ್ಷಕ್ಕೊಂದು ಮರಿಯಾದರೆ ಹೆಚ್ಚು. ಒಂದು ಊರಿನ ಮುಂದಿನ ಗುಂಪಿನಲ್ಲಿ ವರ್ಷಕ್ಕೆ ಎರಡು ಮೂರು ಬಲೆಗೆ ಹೋದರೂ ಆ ಗುಂಪು ಕರಗತೊಡಗುತ್ತದೆ. ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ.

ಇನ್ನು ಆ ಸಪೂರ ಪಟ್ಟಿಯಲ್ಲಿ ಯಾರೆಲ್ಲ ಇದ್ದಾರೆ ನೋಡಿ. ಮಾವನಂಥ ನಾಡದೋಣಿಯವರು ಇದ್ದಾರೆ. ಟ್ರಾಲ್ ಬೋಟುಗಳು ಬಂದು ಹೋಗುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಮೇಲೂ ಲೈಟ್ ಫಿಶಿಂಗ್, ಅಂದರೆ ರಾತ್ರಿ ಪ್ರಖರ ದೀಪ ಬೆಳಗಿ ಮೀನು ಸೆಳೆದು ಹಿಡಿಯುವುದು, ನಡೆಯುತ್ತಿದೆಯೆಂದು ಸಣ್ಣ ಮೀನುಗಾರರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ತಾರ್ಲೆ ಮೀನು ಕೈಕೊಟ್ಟ ವರ್ಷ ಎಲ್ಲರೂ ಇದ್ದಷ್ಟೇ ಮೀನಿಗೆ ಮುಗಿಬೀಳುತ್ತಾರೆ, ಡಾಲ್ಫಿನ್ ಸೇರಿದಂತೆ. ಅದರ ಮೇಲೆ ಬಂದರುಗಳು. ಹೊನ್ನಾವರದ ಕಾಸರಕೋಡ ಟೊಂಕ, ಅಂಕೋಲಾದ ಕೇಣಿ – ಈ ಹೆಸರುಗಳು ಪತ್ರಿಕೆಯಲ್ಲಿ ಬರುವುದೇ ಮೀನುಗಾರರ ಪ್ರತಿಭಟನೆಯ ಸುದ್ದಿಯಾಗಿ. ಬಂದರು ಎಂದರೆ ಹೂಳೆತ್ತುವುದು, ಕಂಬ ಬಡಿಯುವುದು, ಹಡಗುಗಳ ಓಡಾಟ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ, ಬಹುದೂರ ಹೋಗುತ್ತದೆ. ಕಿವಿಯಿಂದಲೇ ಊಟ ಹುಡುಕುವ, ಮರಿಯನ್ನು ಕರೆಯುವ ಪ್ರಾಣಿಯ ಸುತ್ತ ಈ ಗದ್ದಲ ಎದ್ದರೆ ಏನಾಗುತ್ತದೆ? ಗಂಗಾ ನದಿಯ ಡಾಲ್ಫಿನ್‌ಗಳ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ: ದೋಣಿ ಎಂಜಿನ್‌ಗಳ ಸದ್ದು ಹೆಚ್ಚಿದಾಗ, ಅದರಲ್ಲೂ ನೀರು ಕಡಿಮೆಯಾದ ಬೇಸಗೆಯಲ್ಲಿ, ಅವು ಕೂಗುವ ರೀತಿಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ, ದೇಹಕ್ಕೆ ಬೀಳುವ ಶ್ರಮವೂ ಏರುತ್ತದೆ.

ಬಲೆಯ ವಿಷಯದಲ್ಲಿ ಎದುರುಬದುರು ನಿಂತ ಮೀನುಗಾರ ಮತ್ತು ಡಾಲ್ಫಿನ್ ಈ ಬಂದರಿನ ವಿಷಯದಲ್ಲಿ ಒಂದೇ ಕಡೆ ಇದ್ದಾರೆ. ಸಣ್ಣ ಮೀನುಗಾರನನ್ನು ಬಿಟ್ಟು ಡಾಲ್ಫಿನ್ ಉಳಿಸಲು ಹೊರಡುವ ಪರಿಸರಪ್ರೇಮ ನನಗೆ ಅರ್ಥವಾಗುವುದಿಲ್ಲ. ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮ ಘೋಷಣೆಯಾದದ್ದು ಒಳ್ಳೆಯದೇ. ಆದರೆ ನಕ್ಷೆಯಲ್ಲಿ ಗೆರೆ ಎಳೆದಷ್ಟಕ್ಕೆ ನೈಲಾನ್ ಬಲೆಗೆ ಕಣ್ಣು ಬರುವುದಿಲ್ಲ.

ಗಂಗೆಯ ಮಾತು ಬಂತು. ಬಿಹಾರದವರು ಸೋಂಸ್ ಅನ್ನುವ ಆ ಕುರುಡು ಡಾಲ್ಫಿನ್‌ಗೆ 2009ರಲ್ಲಿ ರಾಷ್ಟ್ರೀಯ ಜಲಚರದ ಪಟ್ಟ ಸಿಕ್ಕಿತು. 1991ರಿಂದಲೇ ಭಾಗಲ್ಪುರದ ಬಳಿ ಅದಕ್ಕಾಗಿ ವಿಕ್ರಮಶಿಲಾ ಧಾಮವಿದೆ. 2025ರ ಮಾರ್ಚಿನಲ್ಲಿ ಹೊರಬಂದ ಮೊದಲ ಸಮಗ್ರ ಗಣತಿಯ ಪ್ರಕಾರ ದೇಶದಲ್ಲಿ 6,327 ನದಿ ಡಾಲ್ಫಿನ್‌ಗಳಿವೆ. ಅವುಗಳಲ್ಲಿ ಮೂರು ಪಂಜಾಬಿನ ಬಿಯಾಸ್ ನದಿಯ ಸಿಂಧೂ ಡಾಲ್ಫಿನ್‌ಗಳು. ಎಣಿಸುವುದಕ್ಕೂ ರಾಜಕೀಯ ಇಚ್ಛೆ ಬೇಕು, ಅಲ್ಲಿ ಅದು ಸಿಕ್ಕಿತು. ಚೀನಾದ ಯಾಂಗ್‌ಟ್ಸಿ ನದಿಯಲ್ಲಿ ಹಾಗಾಗಲಿಲ್ಲ. ಅಲ್ಲಿನ ಬೈಜಿ ಎಂಬ ಡಾಲ್ಫಿನ್ 2006ರ ಕೊನೆಯಲ್ಲಿ ವಾರಗಟ್ಟಲೆ ಹುಡುಕಿದರೂ ಒಂದೂ ಸಿಗಲಿಲ್ಲ. ಮೆಕ್ಸಿಕೋದ ಪಶ್ಚಿಮದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿರುವ ವಕೀಟಾ, ಡಾಲ್ಫಿನ್‌ನ ಹತ್ತಿರದ ನೆಂಟ, 1997ರಲ್ಲಿ 567ರಷ್ಟಿದ್ದದ್ದು ಈಗ ಹತ್ತರ ಆಸುಪಾಸಿಗೆ ಬಂದು ನಿಂತಿದೆ. ಅದನ್ನೂ ಯಾರೂ ಬೇಟೆಯಾಡಲಿಲ್ಲ. ತೊತೊಆಬಾ ಎಂಬ ದೊಡ್ಡ ಮೀನಿಗೆಂದು ಬಿಟ್ಟ ಗಿಲ್‌ನೆಟ್ ಅದನ್ನು ಮುಗಿಸಿತು.

ಹಾಗಾದರೆ ಜನ ಮನಸ್ಸು ಮಾಡಿದರೆ ಏನೂ ಆಗದೇ? ಆಗಿದೆ. ಪೂರ್ವ ಪೆಸಿಫಿಕ್‌ನಲ್ಲಿ ಹಳದಿ ರೆಕ್ಕೆಯ ಟ್ಯೂನಾ ಮೀನುಗಳು ಡಾಲ್ಫಿನ್ ಹಿಂಡಿನ ಕೆಳಗೇ ಈಜುತ್ತವೆ. 1950ರ ದಶಕದ ಕೊನೆಯಿಂದ ಅಲ್ಲಿನ, ಸುತ್ತುಬಲೆ ಹಾಕುವ ಪರ್ಸೀನ್ ಬೋಟುಗಳು ಡಾಲ್ಫಿನ್‌ಗಳನ್ನು ನೋಡಿ, ಅವುಗಳ ಸುತ್ತಲೇ ಬಲೆ ಹಾಕತೊಡಗಿದವು. ಅಲ್ಲಿ ಸತ್ತ ಡಾಲ್ಫಿನ್‌ಗಳ ಸಂಖ್ಯೆ 60 ಲಕ್ಷ ದಾಟಿದೆ. 1987–88ರಲ್ಲಿ ಒಬ್ಬಾತ ಅಡುಗೆಯವನಾಗಿ ಅಂಥ ಬೋಟು ಸೇರಿ ಗುಟ್ಟಾಗಿ ವೀಡಿಯೋ ಮಾಡಿ ತಂದ. ಅದು ಅಮೆರಿಕದ ಟೀವಿಗಳಲ್ಲಿ ಬಂತು, ಮಕ್ಕಳು ಶಾಲೆಯ ಡಬ್ಬಿಗೆ ಟ್ಯೂನಾ ಬೇಡವೆಂದವು, 1990ರಲ್ಲಿ ದೊಡ್ಡ ಕಂಪನಿಗಳು ಡಾಲ್ಫಿನ್ ಸುತ್ತ ಬಲೆ ಹಾಕಿ ಹಿಡಿದ ಮೀನು ಕೊಳ್ಳುವುದಿಲ್ಲ ಎಂದವು. ವರ್ಷಕ್ಕೆ ಲಕ್ಷಗಳಲ್ಲಿದ್ದ ಸಾವು ಸಾವಿರದ ಲೆಕ್ಕಕ್ಕೆ ಬಂತು. ಅಲ್ಲಿ ಬೋಟುಗಳು ಕೆಲವೇ, ಕಂಪನಿಗಳು ಬೆರಳೆಣಿಕೆಯವು, ಡಬ್ಬಿಯ ಮೇಲೆ ಲೇಬಲ್ ಅಂಟಿಸಲು ಜಾಗವಿತ್ತು. ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತ ಅಕ್ಕನ ಇಸೋಣ ಮೀನಿಗೆ ಯಾವ ಲೇಬಲ್ ಅಂಟಿಸುತ್ತೀರಿ? ‘ಡಾಲ್ಫಿನ್ ಉಳಿಸಲು ಮೀನು ಬಿಡಿ’ ಎಂಬ ಉಪದೇಶ ಬೆಂಗಳೂರಿನಿಂದ ಕೊಡಲು ಸುಲಭ. ಕರಾವಳಿಯಲ್ಲಿ ಅದನ್ನು ಕೇಳಿ ನಗುತ್ತಾರೆ, ನಕ್ಕರೆ ತಪ್ಪೂ ಅಲ್ಲ.

ನಮ್ಮ ಸಾಗರಕ್ಕೆ ಒಗ್ಗುವ ಉಪಾಯ ಸಿಕ್ಕಿರುವುದು ಪಾಕಿಸ್ತಾನದಲ್ಲಿ. ಅಲ್ಲಿನ ಟ್ಯೂನಾ ದೋಣಿಗಳವರು ನೀರಿನ ಮೇಲ್ಮೈಗೆ ಬಿಡುತ್ತಿದ್ದ ಗಿಲ್‌ನೆಟ್ಟನ್ನು ವನ್ಯಜೀವಿ ಸಂರಕ್ಷಣೆಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಜತೆ ಸೇರಿ ಎರಡು ಮೀಟರ್ ಕೆಳಗೆ ಇಳಿಸಿ ನೋಡಿದರು. ತೇಲಿಗೂ ಬಲೆಗೂ ನಡುವೆ ಹಗ್ಗ ಉದ್ದ ಬಿಟ್ಟರಾಯಿತು. ಡಾಲ್ಫಿನ್ ಬೀಳುವುದು ಮುಕ್ಕಾಲು ಪಾಲಿಗಿಂತ ಹೆಚ್ಚು ಕಡಿಮೆಯಾಯಿತು, ಟ್ಯೂನಾ ಸಿಗುವುದರಲ್ಲಿ ಅಂಥ ದೊಡ್ಡ ಹೊಡೆತವೇನೂ ಬೀಳಲಿಲ್ಲ. ಡಾಲ್ಫಿನ್‌ಗಳನ್ನು ಸದ್ದು ಮಾಡಿ ದೂರವಿಡುವ ಪಿಂಗರ್ ಯಂತ್ರಗಳೂ ಇವೆ. ಬ್ಯಾಟರಿ ಬೇಕು, ದುಡ್ಡು ಬೇಕು. ಕೆಲವೆಡೆ ಆ ಸದ್ದನ್ನೇ ಊಟದ ಗಂಟೆಯೆಂದು ತಿಳಿದು ಡಾಲ್ಫಿನ್‌ಗಳು ಹತ್ತಿರ ಬರುವ ಭಯವೂ ಉಂಟು. ಎರಡು ಮೀಟರ್ ಹಗ್ಗಕ್ಕೆ ಆ ತಾಪತ್ರಯವಿಲ್ಲ. ದಡದ ಬಳಿಯ ಆಳವಿಲ್ಲದ ನೀರಿಗೆ ಅದನ್ನು ಹಾಗೇ ತರಲಾಗದು, ಮಾವನ ಬಲೆ ಈಗಲೇ ಹೆಚ್ಚೂಕಮ್ಮಿ ತಳ ಮುಟ್ಟುತ್ತದೆ. ಆದರೆ ಹೊಳಹು ಸಿಗಬೇಕಾದ್ದು ಇಂಥ ಕಡೆಯೇ, ದೋಣಿಯವರನ್ನು ಕೂರಿಸಿಕೊಂಡು.

ಮೀನು ಹಿಡಿಯದ ನಾವು? ನಾವು ಡಾಲ್ಫಿನ್ ನೋಡಲು ಹೋಗುವವರು. ಗೋವಾದ ಬೀಚುಗಳಲ್ಲಿ ‘ಡಾಲ್ಫಿನ್ ಕಾಣದಿದ್ದರೆ ಹಣ ಬೇಡ’ ಎಂಬ ಬೋರ್ಡ್ ನೋಡಿರುತ್ತೀರಿ. ಗಿರಾಕಿಗೆ ಎಷ್ಟು ನ್ಯಾಯವಾಗಿ ಕಾಣುತ್ತದೆ! ನೀರೊಳಗಿರುವ ಪ್ರಾಣಿಗೆ ಇದಕ್ಕಿಂತ ಕೆಟ್ಟ ಕರಾರು ಇಲ್ಲ. ಕಾಣಿಸದಿದ್ದರೆ ಡೀಸೆಲ್ ಖರ್ಚೂ ಹುಟ್ಟದ ಬೋಟಿನವನು ಬೆನ್ನಟ್ಟದೆ ಇನ್ನೇನು ಮಾಡಿಯಾನು? ಒಂದು ಬೆನ್ನು ಕಂಡಲ್ಲಿಗೆ ಐದಾರು ಬೋಟು ನುಗ್ಗುತ್ತವೆ. ಮರಿಗೆ ಹಾಲೂಡಿಸುತ್ತಿದ್ದದ್ದು, ವಿಶ್ರಾಂತಿಯಲ್ಲಿದ್ದದ್ದು ಮುಳುಗಿ ಓಡುತ್ತದೆ. ಒಡಿಶಾದ ಚಿಲಿಕಾ ಸರೋವರದಲ್ಲಿ ಇರವಾಡಿ ಡಾಲ್ಫಿನ್‌ಗಳ ಸುತ್ತ ಸಾತಪಡಾದ ಪ್ರವಾಸಿ ದೋಣಿಗಳದ್ದೂ ಇದೇ ಕಥೆ. ಹತ್ತುವ ಮೊದಲೇ ಬೋಟಿನವನ ಹತ್ತಿರ ಎರಡು ಮಾತು ಆಡಿಬಿಡಿ: ಕಂಡರೂ ಕಾಣದಿದ್ದರೂ ಪೂರ್ತಿ ದುಡ್ಡು ಕೊಡುತ್ತೇವೆ, ದೂರದಲ್ಲೇ ಎಂಜಿನ್ ಇಳಿಸು. ಎದುರಿಗೆ ಅಡ್ಡ ಹೋಗಬೇಡ, ಮರಿ ಇದ್ದರೆ ವಾಪಸು ಹೋಗೋಣ. ಒಂದೈವತ್ತು ಮೀಟರ್ ಆಚೆ ಸುಮ್ಮನೆ ನಿಂತರೆ ಎಷ್ಟೋ ಸಲ ಅವೇ ಹತ್ತಿರ ಬರುತ್ತವೆ.

ದುಬೈಗೋ ಸಿಂಗಪುರಕ್ಕೋ ಹೋದಾಗ ಕೊಳದಲ್ಲಿ ಡಾಲ್ಫಿನ್‌ಗೆ ಮುತ್ತು ಕೊಡುವ ಫೋಟೊ ತೆಗೆಸಿಕೊಳ್ಳುವ ಬಂಧುಗಳು ನನಗೂ ಇದ್ದಾರೆ. ನಮ್ಮಲ್ಲಿ ಇಂಥ ಕೊಳಗಳಿಗೆ 2013ರ ಮೇ ತಿಂಗಳಿನಿಂದ ಅನುಮತಿಯಿಲ್ಲ. ಅದಕ್ಕೂ ಮುಂಚೆ, 1998ರಲ್ಲಿ, ಚೆನ್ನೈ ಹೊರವಲಯದ ಮನರಂಜನಾ ಪಾರ್ಕೊಂದಕ್ಕೆ ಬಲ್ಗೇರಿಯಾದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತಿದ್ದವು. ಇಲ್ಲಿ ಬೇಡವೆಂದು ನಿಷೇಧಿಸಿದ್ದಕ್ಕೆ ವಿಮಾನ ಹತ್ತಿ ಹೋಗಿ ಟಿಕೆಟ್ ಕೊಳ್ಳುವುದೇಕೆ ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿದ್ದೆ. ಎಲ್ಲರೂ ಮೌನ, ಒಬ್ಬರು ಮಾತ್ರ ಗುಡ್ ಮಾರ್ನಿಂಗ್ ಕಳಿಸಿದರು.

ಮಳೆಗಾಲ ಮುಗಿದ ಮೇಲೆ ಬೀಚಿಗೆ ಹೋಗುವವರು ಇನ್ನೊಂದು ಕೆಲಸ ಮಾಡಬಹುದು. ದಡಕ್ಕೆ ಬಂದು ಬಿದ್ದ ಡಾಲ್ಫಿನ್‌ಗೆ ಜೀವವಿದ್ದರೆ ಬಾಲ ಹಿಡಿದು ನೀರಿಗೆ ಎಳೆಯಬಾರದು, ಹೊಟ್ಟೆ ಕೆಳಗಾಗಿ ನೇರ ಇರಿಸಿ ನೆರಳು ಮಾಡಬೇಕು, ಒದ್ದೆ ಬಟ್ಟೆ ಹೊದಿಸಬೇಕು. ತಲೆಯ ಮೇಲಿನ ಉಸಿರುರಂಧ್ರಕ್ಕೆ ಮಾತ್ರ ನೀರು, ಮರಳು ಹೋಗಕೂಡದು. ಸೆಲ್ಫಿ ಗುಂಪನ್ನು ದೂರವಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಸತ್ತಿದ್ದರೆ, ಪಂಚಾಯ್ತಿಯವರು ಹೊಂಡ ತೋಡಿ ಹೂಳುವ ಮುಂಚೆ ಮೈಯ ಎರಡೂ ಬದಿ, ತಲೆ, ಬಾಲದ ಫೋಟೊ ತೆಗೆಯಿರಿ, ಅಳತೆ ತಿಳಿಯಲು ಪಕ್ಕದಲ್ಲೊಂದು ಚಪ್ಪಲಿಯೋ ಕೋಲೋ ಇಟ್ಟು. ಮೂತಿಯ ಸುತ್ತ, ರೆಕ್ಕೆಯ ಬುಡದಲ್ಲಿ ಸಣ್ಣ ಗೆರೆಗಳಿದ್ದರೆ ಅದು ಬಲೆಯ ಗುರುತಿರಬಹುದು. ಭಾರತದ ಕಡಲ ಸಸ್ತನಿಗಳ ಸಂಶೋಧಕರ ಜಾಲವೊಂದು ಇಂಥ ದಾಖಲೆಗಳನ್ನು ಅಂತರ್ಜಾಲದಲ್ಲಿ ಒಟ್ಟುಮಾಡುತ್ತಿದೆ, ಯಾರು ಬೇಕಾದರೂ ಕಳಿಸಬಹುದು. ಸಮುದ್ರದಲ್ಲಿ ಮುಚ್ಚಿಹೋಗುವ ಸಾವಿನಲ್ಲಿ ಅಷ್ಟಿಷ್ಟಾದರೂ ಲೆಕ್ಕಕ್ಕೆ ಬರುವುದು ಹೀಗೆ.

ಉಳಿದದ್ದು ಮಾವನ ಪ್ರಶ್ನೆ, ಬಲೆ ಹರಿದರೆ ಕೊಡುವವರು ಯಾರು? ಗುಜರಾತಿನಲ್ಲಿ 2004ರಿಂದ ನಡೆದ ತಿಮಿಂಗಿಲ ಶಾರ್ಕ್ ಅಭಿಯಾನ ಇದಕ್ಕೆ ದಾರಿ ತೋರಿಸಿದೆ. ಮೊದಲು ಅದನ್ನು ಬೇಟೆಯಾಡುತ್ತಿದ್ದ ಮೀನುಗಾರರೇ, ಕೊಯ್ದ ಬಲೆಗೆ ಪರಿಹಾರ ಸಿಗತೊಡಗಿದ ಮೇಲೆ, ನೂರಾರು ಶಾರ್ಕ್‌ಗಳನ್ನು ಬಲೆ ಕತ್ತರಿಸಿ ಬಿಟ್ಟಿದ್ದಾರೆ. ಮಹಾರಾಷ್ಟ್ರ 2018ರ ಕೊನೆಯಲ್ಲಿ ಡಾಲ್ಫಿನ್, ಆಮೆ ಎಲ್ಲವನ್ನೂ ಸೇರಿಸಿ ಇಂಥದೇ ಯೋಜನೆ ತಂದಿತು: ರಕ್ಷಿತ ಪ್ರಾಣಿಯನ್ನು ಜೀವಂತ ಬಿಡಲು ಬಲೆ ಕೊಯ್ದರೆ 25 ಸಾವಿರ ರೂಪಾಯಿವರೆಗೆ ಪರಿಹಾರ. ಬಿಡುವಾಗಿನ ಫೋಟೊ, ವೀಡಿಯೋ ಪುರಾವೆಯಾಗುತ್ತದೆ. ನನಗೆ ಈ ಯೋಜನೆ ಇಷ್ಟವಾದದ್ದು ದುಡ್ಡಿನ ಕಾರಣಕ್ಕಷ್ಟೇ ಅಲ್ಲ. ಜೈಲಿನ ಹೆದರಿಕೆಯಿಂದ ಬಾಯಿ ಮುಚ್ಚಿದವನು ಇಲ್ಲಿ ತಾನೇ ಮೊಬೈಲ್ ತೆಗೆದು ಎಲ್ಲಿ, ಯಾವಾಗ, ಯಾವ ಬಲೆಗೆ ಬಿತ್ತೆಂದು ತೋರಿಸುತ್ತಾನೆ. ಯಾವ ಸಂಶೋಧಕನೂ ದಿನಾ ದೋಣಿ ಹತ್ತಿ ಇಷ್ಟು ಮಾಹಿತಿ ತರಲಾರ.

ಕರ್ನಾಟಕದ ನಾಡದೋಣಿಯವರಿಗೂ ಇಂಥ ಭರವಸೆ ಗಟ್ಟಿಯಾಗಿ ಸಿಗಬೇಕು ಎಂದು ಊರಿಗೆ ಹೋದಾಗ ಮಾವನಿಗೆ ಹೇಳಿದೆ. ಬಲೆಯ ಕಣ್ಣು ಜೋಡಿಸುತ್ತಿದ್ದ ಕೈ ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ ಅವರು ಕೇಳಿದ್ದು ಇದೊಂದೇ: ‘ಅರ್ಜಿ ಯಾರ ಕಚೇರಿಗೆ ಕೊಡೂದು, ಮೀನುಗಾರಿಕೆಯವ್ರಿಗಾ ಫಾರೆಸ್ಟಿನವ್ರಿಗಾ? ಎರಡೂ ಕಡೆ ತಿರುಗ್ಸೂದಾದ್ರೆ ಬ್ಯಾಡ, ಅಷ್ಟೊತ್ತಿಗೆ ನಾನೇ ಹೊಸ ಬಲೆ ನೇಯ್ಕಣ್ತೆ.’